ಹಾವಿನ ಹೆಡೆಯ ಮುಂದೆ ಆಡಿದ ಮಾತು

ರಂಗಶಂಕರದ ಬಾಗಿಲಿಗೂ ನಮ್ಮ ಮನೆಯ ಗಡಿಯಾರಕ್ಕೂ ಬಹುಕಾಲದ ವೈರ. ಜಯನಗರದ ನಾಲ್ಕನೆಯ ಟಿ ಬ್ಲಾಕಿನಿಂದ ಜೆ.ಪಿ. ನಗರದ ಎರಡನೆಯ ಹಂತ ಮಹಾ ದೂರವೇನೂ ಅಲ್ಲ. ಆದರೆ ನಡುವಿನ ವಾಹನಗಳ ಮಹಾಪೂರವನ್ನು ಈಜಿ ದಡ ಸೇರುವಷ್ಟರಲ್ಲಿ ನಾಟಕ ಆರಂಭವಾಗಿಬಿಟ್ಟಿದ್ದರೆ ಅಲ್ಲಿ ಯಾರ ಶಿಫಾರಸೂ ನಡೆಯದು. ತಡವಾಗಿ ಬಂದವರಿಗೆ ಪ್ರವೇಶವಿಲ್ಲವೆಂಬುದು ೨೦೦೪ರಲ್ಲಿ ತೆರೆದ ಆ ನಾಟಕಮಂದಿರದ ಪ್ರಸಿದ್ಧ ನಿಯಮ. ಎರಡು ಬಾರಿ ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಮರಳಿದ ಅನುಭವ ನನ್ನದು. ಆದುದರಿಂದ ಕಳೆದ ವರ್ಷ 'ನಾಗಮಂಡಲ'ದ ಪ್ರಯೋಗವೊಂದಕ್ಕೆ ನನ್ನ ಸೋದರತ್ತೆಯನ್ನು ಕರೆದೊಯ್ಯುವಾಗ ಒಂದು ಗಂಟೆ ಮೊದಲೇ ಹೊರಟೆ.

ಅತ್ತೆ ಹುಟ್ಟಿದುದು ೧೯೩೮ರಲ್ಲಿ. ಆ ನಾಟಕ ಬರೆದ ಗಿರೀಶ ಕಾರ್ನಾಡರು ಹುಟ್ಟಿದುದೂ ಅದೇ ವರ್ಷವೇ. ಹದಿನಾರಕ್ಕೆ ಮದುವೆಯಾಗಿ ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಬಾಳಿ ಬದುಕಿ, ಈಗ ಹತ್ತು ವರ್ಷಗಳಿಂದ ನಮ್ಮೊಡನೆ ಇದ್ದಾರೆ. ಬಾಲ್ಯದಲ್ಲಿ ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿದ ಅವರ ಮನಸ್ಸಿನಲ್ಲಿ ನಾಟಕವೆಂದರೆ ಪರದೆ, ಕಿರೀಟ, ಹಾರ್ಮೋನಿಯಂ. "ಹಾವಿನ ನಾಟಕವೇನೋ? ಭಕ್ತಿ ಪ್ರಧಾನವೋ?" ಎಂದು ಕೇಳಿದರು. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಕಥೆ ಅನೇಕರಿಗೆ ತಿಳಿದಿರಬಹುದು. ೧೯೯೭ರಲ್ಲಿ ಟಿ.ಎಸ್. ನಾಗಾಭರಣರು ಅದನ್ನು ಚಲನಚಿತ್ರವಾಗಿಯೂ ಮಾಡಿದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ೧೯೮೮ರಲ್ಲಿ ಈ ನಾಟಕವನ್ನು ರಚಿಸಿದರು. ನೀಳ ಕೂದಲಿನ ಹುಡುಗಿ ರಾಣಿ. ಅವಳ ಗಂಡ ಅಪ್ಪಣ್ಣ. ಮದುವೆಯಾಗಿ ಮನೆಗೆ ಕರೆತಂದ ಹೆಂಡತಿಯನ್ನು ಆತ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ. ಮಧ್ಯಾಹ್ನ ಬರುತ್ತಾನೆ, ಸ್ನಾನ ಮಾಡುತ್ತಾನೆ, ಉಣ್ಣುತ್ತಾನೆ, ಮತ್ತೆ ಬೀಗ. ರಾತ್ರಿಗಳೆಲ್ಲ ಸೂಳೆಯ ಮನೆಯಲ್ಲಿ. ಕುರುಡವ್ವನೆಂಬ ಮುದುಕಿ ಗಂಡನನ್ನು ಒಲಿಸಿಕೊಳ್ಳಲೆಂದು ಬೇರು ಕೊಡುತ್ತಾಳೆ. ಅದನ್ನು ಅರೆದು ಸಾರಿಗೆ ಬೆರೆಸಿದೊಡನೆ ಸಾರು ನೆತ್ತರಿನಂತೆ ಕೆಂಪಾಗುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿದು ಬರುತ್ತಾಳೆ. ಹುತ್ತದೊಳಗಿನ ನಾಗ ಅದನ್ನುಂಡು ಅವಳಿಗೆ ಮರುಳಾಗಿ, ಪ್ರತಿ ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರತೊಡಗುತ್ತಾನೆ. ಹಗಲಿನ ಗಂಡ ಬೈಯುತ್ತಾನೆ, ಇರುಳಿನ ಗಂಡ ಮುದ್ದಿಸುತ್ತಾನೆ. ಇಬ್ಬರೂ ಒಬ್ಬನೇ ಎಂದು ಅವಳು ನಂಬುತ್ತಾಳೆ, ಇಲ್ಲವೆ ನಂಬಬೇಕೆಂದು ಬಯಸುತ್ತಾಳೆ.

ರಾಣಿ ಗರ್ಭಿಣಿಯಾದಾಗ ಅಪ್ಪಣ್ಣ ರೇಗುತ್ತಾನೆ. ತಾನು ಮುಟ್ಟಿಯೇ ಇಲ್ಲದ ಹೆಂಡತಿ ಬಸುರಾದುದು ಹೇಗೆ? ನ್ಯಾಯ ಪಂಚಾಯಿತಿಗೆ ಹೋಗುತ್ತದೆ. ಕಾದ ಕಬ್ಬಿಣ ಹಿಡಿದು ಪ್ರಮಾಣ ಮಾಡುವುದು ಆ ಊರಿನ ವಾಡಿಕೆ. ರಾಣಿ ಅದನ್ನು ಬಿಟ್ಟು ನಾಗದಿವ್ಯಕ್ಕೆ ಸಿದ್ಧಳಾಗುತ್ತಾಳೆ; ಹಾಗೆ ಮಾಡೆಂದು ಅವಳಿಗೆ ಹೇಳಿಕೊಟ್ಟವನೂ ನಾಗನೇ. ಹುತ್ತದೊಳಕ್ಕೆ ಕೈಯಿಟ್ಟು ಹಾವನ್ನು ಹೊರತೆಗೆದು ಹಿಡಿದುಕೊಂಡು ಅವಳು ಊರಿನ ಮುಂದೆ ಆಡುವ ಮಾತಿನ ತಾತ್ಪರ್ಯ ಇಷ್ಟೆ: ಗಂಡನನ್ನೂ ಈ ನಾಗನನ್ನೂ ಬಿಟ್ಟರೆ ಬೇರಾವ ಗಂಡನ್ನೂ ನನ್ನ ಕೈ ಮುಟ್ಟಿಲ್ಲ. ಹಾವು ಕಚ್ಚುವುದಿಲ್ಲ. ಅವಳ ತಲೆಯ ಮೇಲೆ ಕೊಡೆಯಂತೆ ಹೆಡೆ ಬಿಚ್ಚುತ್ತದೆ. ಒಂದು ಗಳಿಗೆಯ ಹಿಂದೆ ಜಾರೆಯೆಂದವರು ಈಗ ದೇವತೆಯೆಂದು ಕಾಲಿಗೆ ಬೀಳುತ್ತಾರೆ. ಅಪ್ಪಣ್ಣನೂ ಬೀಳುತ್ತಾನೆ.

ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ತಟ್ಟಲಿಲ್ಲ. ನನ್ನ ಕಡೆಗೆ ಬಾಗಿ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಅವಳು ಹೇಳಿದ್ದರಲ್ಲಿ ಸುಳ್ಳೆಲ್ಲಿದೆಯೋ?" ಎಂದರು.

ಕಾರ್ನಾಡರ ನಾಟಕಗಳ ಮೇಲೆ ಬಂದಿರುವ ಪುಸ್ತಕಗಳು ಕಡಮೆಯಲ್ಲ. ಆದರೆ ಅತ್ತೆಯ ಆ ಪ್ರಶ್ನೆಯಲ್ಲಿರುವ ವಿಷಯ ನನಗೆ ಅವುಗಳಲ್ಲಿ ಅಷ್ಟು ನೇರವಾಗಿ ಸಿಕ್ಕಿರಲಿಲ್ಲ. ವಿವಾಹದ ಅನ್ಯಾಯಗಳನ್ನು ಕುರಿತು ಕನ್ನಡದಲ್ಲಿ ನಾಟಕ ಬರೆದವರು ಕಾರ್ನಾಡರಿಗಿಂತ ಬಹಳ ಹಿಂದೆಯೇ ಇದ್ದರು. ೧೮೮೭ರಷ್ಟು ಹಿಂದೆಯೇ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ದಲ್ಲಿ ಹಣಕ್ಕೆ ಹೆಣ್ಣು ಮಾರುವ ಪದ್ಧತಿಯನ್ನು ಹೀಯಾಳಿಸಿದ್ದರು. ಅವರ ಬಳಿಕ ಬಂದ ಅನೇಕರು ಹಳೆಯ ನೀತಿ ಕೆಟ್ಟದು, ಹೊಸ ನೀತಿ ಬೇಕು ಎಂದರು. ಕಾರ್ನಾಡರ ಹೆಂಗಸರು ಹೊಸ ನೀತಿಯನ್ನೇನೂ ಬೋಧಿಸುವುದಿಲ್ಲ. ಆಣೆ, ಪಾತಿವ್ರತ್ಯ, ಸಹಗಮನ, ಕುಲಧರ್ಮ ಎಂದು ಸಮಾಜ ಯಾವ ಮಾತುಗಳಿಂದ ಅವರನ್ನು ಕಟ್ಟಿಹಾಕಿದೆಯೋ ಅದೇ ಮಾತುಗಳನ್ನು ಎತ್ತಿಕೊಂಡು, ಅಕ್ಷರಶಃ ನಡೆಸಿ ತೋರಿಸುತ್ತಾರೆ. ಹಾಗೆ ಮಾಡಿದಾಗ ಹಿರಿಯರಿಗೆ ಉತ್ತರ ಹೊಳೆಯುವುದಿಲ್ಲ.

ಮೊದಲ ನಾಟಕ 'ಯಯಾತಿ'ಯಲ್ಲಿಯೇ ಇದು ಕಾಣುತ್ತದೆ. ಇಪ್ಪತ್ತೆರಡರ ಹರೆಯದಲ್ಲಿ, ಆಕ್ಸ್‌ಫರ್ಡಿಗೆ ಹೊರಡುವ ಮುನ್ನ, ಮಗ ಅಲ್ಲಿಯೇ ನಿಂತುಬಿಟ್ಟಾನೆಂಬ ತಂದೆತಾಯಿಗಳ ಕಳವಳದ ನಡುವೆ ಅವರು ಅದನ್ನು ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ ೧೯೬೧ರಲ್ಲಿ ಪ್ರಕಟಿಸಿತು. ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧದ ಕಾನೂನು ಬಂದುದೂ ಅದೇ ವರ್ಷ. (ಕಾನೂನಿನ ಗತಿಯೇನಾಯಿತೆಂಬುದನ್ನು ನಮ್ಮ ಕಲ್ಯಾಣ ಮಂಟಪಗಳ ಹಿಂಬದಿಯ ಕೊಠಡಿಗಳು ಬಲ್ಲವು.) ಮಗ ಪುರು ತಂದೆಯ ಮುಪ್ಪನ್ನು ತಾನು ಹೊತ್ತು ತನ್ನ ತಾರುಣ್ಯವನ್ನು ತಂದೆಗೆ ಕೊಟ್ಟನೆಂದು ಪುರಾಣ ಹೊಗಳುತ್ತದೆ. ಹಾಗಾದರೆ ಪುರುವಿನ ಹೆಂಡತಿಯ ಗತಿಯೇನು? ಪುರಾಣ ಕೇಳದ ಆ ಪ್ರಶ್ನೆಗಾಗಿ ಕಾರ್ನಾಡರು ಚಿತ್ರಲೇಖೆಯನ್ನು ಸೃಷ್ಟಿಸಿದರು. ಹೊಸದಾಗಿ ಮದುವೆಯಾಗಿ ಅರಮನೆಗೆ ಬಂದವಳು. ದೀಪ ಹಿಡಿದು ಗಂಡನ ಮುಖ ನೋಡುತ್ತಾಳೆ, ಕಂಡುದು ಮುದುಕನ ಮುಖ. ತಾರುಣ್ಯದಿಂದ ಬೀಗುತ್ತಿರುವ ಮಾವ ಅವಳಿಗೆ ಕರ್ತವ್ಯ, ತ್ಯಾಗ, ವಂಶದ ಹಿರಿಮೆ ಎಂದು ಉಪದೇಶಿಸುತ್ತಾನೆ. ನಾನು ವರಿಸಿದುದು ಪುರುವಿನ ತಾರುಣ್ಯವನ್ನು, ವಂಶದ ಬೀಜವನ್ನು ನನ್ನಲ್ಲಿ ಬಿತ್ತಬಲ್ಲ ಅವನ ಶಕ್ತಿಯನ್ನು. ಅದು ಈಗ ನಿಮ್ಮಲ್ಲಿದೆಯಲ್ಲ, ಎಂಬ ಅರ್ಥದ ಅವಳ ಪ್ರತ್ಯುತ್ತರಕ್ಕೆ ಯಯಾತಿ ತತ್ತರಿಸಿಹೋಗುತ್ತಾನೆ. ಮಗನ ಆಯುಸ್ಸನ್ನು ತಿನ್ನಲು ನಾಚದವನಿಗೆ ಸೊಸೆಯ ತರ್ಕ ಕೇಳಿ ನಾಚಿಕೆ! ಅವಳು ವಿಷ ಕುಡಿದು ಸತ್ತ ಮೇಲೆಯೇ ಅವನು ತನ್ನ ಮುಪ್ಪನ್ನು ಮರಳಿ ಪಡೆಯುವುದು. ಹುಡುಗಿಯೊಬ್ಬಳು ಸಾಯದೆ ಮನೆಯ ಹಿರಿಯನಿಗೆ ಬುದ್ಧಿ ಬರುವುದಿಲ್ಲವೆಂಬ ಈ ಮುಕ್ತಾಯ ನನಗೆ ಅಷ್ಟಾಗಿ ಒಪ್ಪಿಗೆಯಾಗದು. ಇಪ್ಪತ್ತೆರಡರ ಹುಡುಗ ಬರೆದುದಲ್ಲವೆ, ವಿಷದ ಬಟ್ಟಲು ಬೇಗ ಕೈಗೆ ಸಿಗುತ್ತದೆ.

ಹತ್ತು ವರ್ಷಗಳ ಮೇಲೆ, ೧೯೭೧ರಲ್ಲಿ ಬಂದ 'ಹಯವದನ'ದ ಹೊತ್ತಿಗೆ ಆ ಕೈ ಪಳಗಿತ್ತು. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅದನ್ನು ಕಂಡ ಬೆಂಗಳೂರಿನ ಹಿರಿಯರು ಇಂದಿಗೂ ಅದರ ಸಂಗೀತವನ್ನು ಗುನುಗುತ್ತಾರೆ. ಬೇತಾಳ ಹೇಳಿದ ಹಳೆಯ ಕಥೆ, ಜರ್ಮನಿಯ ಥಾಮಸ್ ಮನ್ನರ ಕೈ ದಾಟಿ ಮರಳಿ ಊರಿಗೆ ಬಂದುದು. ಬುದ್ಧಿವಂತ ದೇವದತ್ತ ಗಂಡ; ಗಟ್ಟಿಮೈಯ ಕಪಿಲ ಅವನ ಗೆಳೆಯ. ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಆಕಳಿಸುತ್ತ ಎದ್ದ ಕಾಳಿ ತಲೆಗಳನ್ನು ಜೋಡಿಸಲು ಹೇಳುತ್ತಾಳೆ. ಗಡಿಬಿಡಿಯಲ್ಲಿ ಪದ್ಮಿನಿ ಇವನ ತಲೆಯನ್ನು ಅವನ ಮೈಗೆ, ಅವನ ತಲೆಯನ್ನು ಇವನ ಮೈಗೆ ಇಡುತ್ತಾಳೆ. ಗಡಿಬಿಡಿಯೋ, ಒಳಮನಸ್ಸಿನ ಆಸೆಯೋ! ಸತ್ಯಕ್ಕೂ ಒಂದು ಮಿತಿ ಬೇಡವೆ ಎಂದು ಕಾಳಿಯೇ ನಕ್ಕುಬಿಡುತ್ತಾಳೆ. ಹೆಣ್ಣು ಗಂಡನಲ್ಲಿ ಗುಣವನ್ನು ಮಾತ್ರ ನೋಡುತ್ತಾಳೆ, ಮೈಯನ್ನಲ್ಲ ಎಂದು ನಮ್ಮ ಕಥೆಗಾರರು ಎಷ್ಟು ಶತಮಾನ ನಮಗೆ ಹೇಳಿದ್ದರು!

ಆ ನಾಟಕದ ಕೊನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಂಡಸರಿಬ್ಬರೂ ಕಾದಾಡಿ ಸತ್ತರು. ಪದ್ಮಿನಿ ಮಗನನ್ನು ಭಾಗವತನ ಕೈಗೆ ಒಪ್ಪಿಸುತ್ತಾಳೆ: ಮೊದಲು ಕಾಡಿನ ಬೇಡರಲ್ಲಿ ಬೆಳೆಯಲಿ, ಕಪಿಲನ ಮಗನೆಂದು ಹೇಳಿ, ಐದು ವರ್ಷವಾದ ಮೇಲೆ ಊರಿನ ಬ್ರಾಹ್ಮಣ ಅಜ್ಜನ ಮನೆಗೆ ಕೊಂಡೊಯ್ಯಿರಿ, ದೇವದತ್ತನ ಮಗನೆಂದು ಹೇಳಿ. ಅನಂತರ ಚಿತೆ ಸಿದ್ಧಪಡಿಸಲು ಹೇಳುತ್ತಾಳೆ. ಜನ್ಮಜನ್ಮಾಂತರಕ್ಕೂ ಇವನೇ ಗಂಡನಾಗಲಿ ಎಂದು ಉಳಿದ ಹೆಂಗಸರಾದರೂ ಬೇಡಿಕೊಳ್ಳಬಹುದು, ತನಗೆ ಆ ಸಮಾಧಾನವನ್ನೂ ಉಳಿಸಲಿಲ್ಲವಲ್ಲ ಎಂದು ಕಾಳಿಯನ್ನೇ ಆಕ್ಷೇಪಿಸುತ್ತಾಳೆ. ಇಬ್ಬರು ಗಂಡಸರಿಗೆ ಸಹಗಮನ ಮಾಡಿದ ಸತಿ! ಮಹಾಸತಿಕಲ್ಲು ನೆಡುವವರು ಇವಳಿಗೆ ಯಾರ ಹೆಸರಿನಲ್ಲಿ ನೆಟ್ಟಾರು? ನಾಟಕ ಬಂದು ಹದಿನಾರು ವರ್ಷಗಳ ಮೇಲೆ, ೧೯೮೭ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ ರೂಪ್ ಕಂವರ್ ಎಂಬ ಹದಿನೆಂಟರ ವಿಧವೆ ಗಂಡನ ಚಿತೆಯಲ್ಲಿ ಬೆಂದುಹೋದಳು. ಸಾವಿರಾರು ಜನ ಕೈಮುಗಿಯಲು ಹೋದರು. ಸತಿಯೆಂಬ ಪದ ಬರಿಯ ಪುರಾಣದ ಪದವೆಂದು ಭಾವಿಸಿ 'ಹಯವದನ'ಕ್ಕೆ ನಕ್ಕು ಬಂದಿದ್ದವರಿಗೆ ಆಗ ನಗು ಉಳಿದಿರಲಾರದು.

ಇಷ್ಟೆಲ್ಲ ಬರೆದವರು ಹಲವು ವರ್ಷ ನಮ್ಮ ನೆರೆಯವರೇ, ಜೆ.ಪಿ. ನಗರದ ನಿವಾಸಿ. ಚಲನಚಿತ್ರದಿಂದ ಮನೆಮನೆಗೆ ಪರಿಚಿತವಾದ ಮುಖ. ೨೦೧೯ರ ಜೂನ್ ಹತ್ತರಂದು ತೀರಿಕೊಂಡರು. ಅವರ ತಾಯಿಯ ವಿಷಯ ಅನೇಕರಿಗೆ ತಿಳಿದುದು ೨೦೧೧ರಲ್ಲಿ 'ಆಡಾಡತ ಆಯುಷ್ಯ' ಎಂಬ ಆತ್ಮಕಥೆ ಹೊರಬಂದಾಗ. ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವರು. ಕಂಕುಳಲ್ಲಿ ಒಂದು ಗಂಡು ಮಗು. ತನ್ನ ಮತ್ತು ಮಗುವಿನ ಹೊಟ್ಟೆ ತಾನೇ ಹೊರೆಯಬೇಕೆಂದು ದಾದಿಯ ಕೆಲಸಕ್ಕೆ ನಿಂತರು. ಡಾಕ್ಟರ್ ರಘುನಾಥ ಕಾರ್ನಾಡರ ಪರಿಚಯವಾಗಿ ಪರಸ್ಪರ ಮನಸ್ಸು ಕೂಡಿದ ಮೇಲೂ ವಿವಾಹವಾಗಲು ವರ್ಷಗಳೇ ಬೇಕಾದುವು. ವಿಧವೆಯ ಮರುಮದುವೆಯನ್ನು ಸಹಿಸದ ಕಾಲ ಅದು. ಕೊನೆಗೆ ಆರ್ಯ ಸಮಾಜದ ವಿಧಿಯಂತೆ, ಸದ್ದುಗದ್ದಲವಿಲ್ಲದೆ ನಡೆಯಿತು. ಇಳಿವಯಸ್ಸಿನಲ್ಲಿ ಆಕೆ ತಮ್ಮ ಬದುಕಿನ ಕಥೆಯನ್ನು ತಾವೇ ಬರೆದಿಟ್ಟಿದ್ದರು.

ಅದಕ್ಕಿಂತಲೂ ಬೆರಗಾಗಿಸುವ ಸಂಗತಿ ಆ ಪುಸ್ತಕದ ಅರ್ಪಣೆ. ಗಿರೀಶರು ಹೊಟ್ಟೆಯಲ್ಲಿದ್ದಾಗ ಈ ಮಗು ಬೇಡವೆಂದು ತಂದೆತಾಯಿಗಳು ಪುಣೆಯ ಡಾಕ್ಟರ್ ಮಧುಮಾಲತಿ ಗುಣೆ ಎಂಬವರ ಚಿಕಿತ್ಸಾಲಯಕ್ಕೆ ಹೋಗಿದ್ದರಂತೆ. ಆ ದಿನ ಡಾಕ್ಟರು ಬರಲಿಲ್ಲ. ಕಾದು ಕಾದು ಇವರು ಮನೆಗೆ ಮರಳಿದರು. ಮಗ ದೊಡ್ಡವನಾಗಿ ಹೆಸರು ಮಾಡಿದ ಮೇಲೆ ಒಂದು ದಿನ ತಾಯಿಯೇ ಅದನ್ನು ಹೇಳಿದರು. ಆತ್ಮಕಥೆಯನ್ನು ಕಾರ್ನಾಡರು ಅಂದು ಬಾರದಿದ್ದ ಆ ಡಾಕ್ಟರಿಗೆ ಅರ್ಪಿಸಿದ್ದಾರೆ. ಮನೆಯ ಹೆಣ್ಣುಮಕ್ಕಳು ಹೇಳದೆ ಇಟ್ಟುಕೊಂಡ ಕಥೆಗಳ ಬೆಲೆ ಏನೆಂಬುದನ್ನು ಬಲ್ಲವನ ಕೆಲಸ ಅದು.

'ನಾಗಮಂಡಲ'ದ ಆರಂಭವನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾದೀತು. ಪಾಳು ಗುಡಿಯೊಂದರಲ್ಲಿ ಊರಿನ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಸೇರಿ, ತಮ್ಮ ತಮ್ಮ ಮನೆಯ ಸುದ್ದಿಗಳನ್ನು ಹರಟುತ್ತವೆ. ಅವುಗಳ ನಡುವೆ ಕಥೆಯೆಂಬುದೇ ಒಂದು ಹೆಣ್ಣಾಗಿ ಬರುತ್ತದೆ. ತನ್ನನ್ನು ಬಲ್ಲ ಮುದುಕಿ ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದಳೆಂದು ಮುನಿದು, ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಓಡಿಬಂದ ಕಥೆ ಅದು. ರಾಣಿಯ ಕಥೆಯನ್ನು ಹೇಳುವವಳು ಅವಳೇ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಚರ್ಚೆ ಆರಂಭವಾಯಿತು. ನನ್ನಾಕೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಲೆಕ್ಕ ಸರಿಹೊಂದದಿದ್ದರೆ ಅವಳಿಗೆ ನಿದ್ದೆ ಬಾರದು. ಅವಳ ಆಕ್ಷೇಪಣೆ ಸರಳ. "ಇಷ್ಟೆಲ್ಲ ಆಗಿ ರಾಣಿ ಕೊನೆಗೆ ಅದೇ ಗಂಡನ ಮನೆಯಲ್ಲೇ ಅನ್ನ ಬೇಯಿಸುತ್ತಾಳೆ. ಬೀಗ ಹಾಕಿದವನಿಗೆ ಏನು ಶಿಕ್ಷೆಯಾಯಿತು? ದೇವತೆ ಅಂತ ಕೂಡಿಸಿಬಿಟ್ಟರೆ ಹೆಂಗಸು ಅನ್ನೋದನ್ನ ಮರೆತುಬಿಡಬಹುದು. ಇಬ್ಸನ್‌ನ ನೋರಾಳಾದರೂ ಬಾಗಿಲು ಎಳೆದುಕೊಂಡು ಹೊರಟುಹೋದಳು." ಈ ಆಕ್ಷೇಪಣೆಯನ್ನು ವಿಮರ್ಶಕರೂ ಎತ್ತಿದ್ದಾರೆ, ಅದರಲ್ಲಿ ಹುರುಳಿದೆ. ನೋರಾ ೧೮೭೯ರಲ್ಲಿಯೇ ಹೊರಟುಹೋದವಳು. ಆದರೆ ಅವಳ ಬಾಗಿಲಿಗೆ ಹೊರಗಿನಿಂದ ಬೀಗವಿರಲಿಲ್ಲ. ರಾಣಿಗೆ ತೌರಿನ ದಾರಿಯೂ ಗೊತ್ತಿಲ್ಲ. ಕನಸಿನಲ್ಲಿ ಮಾತ್ರ ಅಪ್ಪ ಅಮ್ಮ ಬರುತ್ತಾರೆ. ಅವಳಿಗೆ ಸಿಕ್ಕ ಆಯುಧ ಪಂಚಾಯಿತಿಯವರೇ ಕೈಗೆ ಕೊಟ್ಟ ಆಣೆಯೊಂದೇ.

ಅಲ್ಲದೆ ನಾಟಕ ಅಲ್ಲಿಗೆ ನಿಲ್ಲುವುದೂ ಇಲ್ಲ. ಒಂದು ಮುಕ್ತಾಯದಲ್ಲಿ ನಾಗ ಅವಳ ಕೂದಲನ್ನೇ ಉರುಲು ಮಾಡಿಕೊಂಡು ಸಾಯುತ್ತಾನೆ. ಆ ಹಾವಿಗೆ ತನ್ನ ಮಗನ ಕೈಯಿಂದಲೇ ಅಗ್ನಿಸಂಸ್ಕಾರವಾಗಬೇಕೆಂದು ರಾಣಿ ಗಂಡನನ್ನು ಕೇಳುತ್ತಾಳೆ, ಅವನು ಒಪ್ಪುತ್ತಾನೆ. ಇನ್ನೊಂದರಲ್ಲಿ ಹಾವು ಬದುಕಿಯೇ ಇದೆ. ರಾಣಿ ಅದನ್ನು ಕಂಡೂ ಯಾರಿಗೂ ತೋರಿಸದೆ, ತನ್ನ ಮುತ್ತೈದೆತನದ ಗುರುತಾದ ಜಡೆಯಲ್ಲಿಯೇ ಇರಗೊಡುತ್ತಾಳೆ. ನಿಜವಾದ ಗಂಡ ಕೈಹಿಡಿದ ಮೊದಲ ದಿನವೇ ಅವಳಿಗೆ ವ್ಯತ್ಯಾಸ ತಿಳಿದಿರಲೇಬೇಕಲ್ಲವೆ ಎಂಬ ಪ್ರಶ್ನೆಯೂ ನಾಟಕದೊಳಗೇ ಬರುತ್ತದೆ. ತಿಳಿದಿತ್ತು. ಹೇಳಲಿಲ್ಲ. ಊರು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟಳು.

ಅತ್ತೆ ಮಜ್ಜಿಗೆ ಅನ್ನ ಮುಗಿಸುವವರೆಗೆ ಮಾತಾಡಲಿಲ್ಲ. ಕೈತೊಳೆದು ಬಂದು ಕುಳಿತು, ಯಾರನ್ನೂ ನೋಡದೆ ಹೇಳತೊಡಗಿದರು. "ನಮ್ಮೂರಲ್ಲೂ ಒಬ್ಬಳಿದ್ದಳು. ನಮ್ಮ ಬೀದಿಯೇ. ಗಂಡ ವ್ಯಾಪಾರ ಅಂತ ತಿಂಗಳುಗಟ್ಟಲೆ ಹೊರಗೆ. ಅವನಿಗೆ ಅಲ್ಲಿ ಇನ್ನೊಂದು ಸಂಸಾರ ಅಂತ ಊರಿಗೆಲ್ಲ ಗೊತ್ತು. ಇವಳು ಬಾವಿಕಟ್ಟೆ ಹತ್ತಿರ ಯಾರ ಜೊತೆಗೋ ಎರಡು ಮಾತಾಡಿದಳಂತೆ. ಅತ್ತೆ ಮನೆಯವರು ದೇವಸ್ಥಾನಕ್ಕೆ ಕರಕೊಂಡು ಹೋಗಿ, ಉರಿಯೋ ಕರ್ಪೂರ ಅಂಗೈಯಿಂದ ಆರಿಸಿ ಆಣೆ ಇಡು ಅಂದರು. ಆರಿಸಿದಳು. ಆಮೇಲೆ ಎಲ್ಲರೂ ಸರಿ ಬಿಡು, ನಮ್ಮ ಹುಡುಗಿ ಚಿನ್ನ ಅಂದರು. ಅವತ್ತು ಹಬ್ಬದ ಅಡಿಗೆಯಂತೆ, ಅವಳೇ ಬಡಿಸಿದಳಂತೆ."

"ಆಮೇಲೆ?" ಎಂದಳು ನನ್ನಾಕೆ.

"ಆಮೇಲೇನು? ಪಕ್ಕದಲ್ಲೇ ನಿಂತಿದ್ದನಲ್ಲ ಗಂಡ, ಅವನಿಗೂ ಒಂದು ಬಿಲ್ಲೆ ಹಚ್ಚಿ ಕೊಡಿ ಅಂತ ಯಾರೂ ಅನ್ನಲಿಲ್ಲ. ಅರ್ಚಕರ ಹತ್ತಿರ ಕರ್ಪೂರಕ್ಕೇನು ಬರವೇ?"

ಪಂಚಾಯಿತಿಯ ದೃಶ್ಯ ನನ್ನ ಕಣ್ಣಿಗೆ ಮತ್ತೆ ಕಟ್ಟಿತು. ಅಪ್ಪಣ್ಣನ ರಾತ್ರಿಗಳು ಎಲ್ಲಿ ಕಳೆದುವೆಂದು ಅಲ್ಲಿಯೂ ಯಾವ ಹಿರಿಯನೂ ಕೇಳುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಸೂಳೆ ಕೊನೆಗೆ ರಾಣಿಯ ಮನೆಯ ಚಾಕರಿಗೆ ನಿಲ್ಲುತ್ತಾಳೆ. ಅದನ್ನೂ ಪುಣ್ಯವೆಂದೇ ಊರು ಲೆಕ್ಕ ಹಾಕುತ್ತದೆ. ನಾಲ್ಕೈದು ಬಾರಿ ಈ ನಾಟಕವನ್ನು ನೋಡಿದ್ದೇನೆ. ಕೇಳದೆ ಉಳಿದ ಆ ಪ್ರಶ್ನೆ ನನಗೆ ಕೇಳಿಸಿರಲಿಲ್ಲ.

"ಯಾರತ್ತೆ ಅವಳು? ಹೆಸರೇನು?" ಎಂದು ಕೇಳಿದೆ.

"ಹೆಸರು ಕಟ್ಟಿಕೊಂಡು ನಿನಗೇನಾಗಬೇಕು?" ಎನ್ನುತ್ತ ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಕೈ ಆಗಲೇ ಒಣಗಿತ್ತು.

ನಮ್ಮಿಬ್ಬರಿಗೂ ಮುಂದೆ ಕೇಳುವ ಧೈರ್ಯವಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನ್ನಾಕೆ ಮಾತು ಬದಲಿಸಲೆಂದು, ಕೊನೆಯ ಎರಡು ಮುಕ್ತಾಯಗಳಲ್ಲಿ ಯಾವುದು ಹಿಡಿಸಿತೆಂದು ಕೇಳಿದಳು. ಅತ್ತೆ ತಡಮಾಡದೆ ಎರಡನೆಯದೇ ಸರಿಯೆಂದರು. ತಮ್ಮ ಗಂಟನ್ನು ಬಿಚ್ಚಿ, ಬೆಳ್ಳಗೆ ತೆಳ್ಳಗಾದ ಕೂದಲನ್ನು ಬೆರಳಿಗೆ ಸುತ್ತಿಕೊಂಡು, "ಆದರೆ ಅದಕ್ಕೂ ಒಂದು ವಯಸ್ಸು ಬೇಕು ಕಣೇ, ಇದರೊಳಗೆ ಈಗ ಹೇನು ಕೂಡ ನಿಲ್ಲೋದಿಲ್ಲ" ಎಂದು ನಕ್ಕರು. ಮಲಗಲು ಹೋಗುವಾಗ ನನ್ನನ್ನು ಕರೆದು, ಆ ಮುದುಕ ರಾಜನ ನಾಟಕವನ್ನು ಎಂದಾದರೂ ಆಡಿದರೆ ಟಿಕೆಟ್ಟು ತರಬೇಕೆಂದೂ, ಆ ದಿನವೂ ಒಂದು ಗಂಟೆ ಮೊದಲೇ ಹೊರಡಬೇಕೆಂದೂ ಹೇಳಿದರು.